ಎರಡೂವರೆ ಮೊಳದ ಬತ್ತಿ

“ಕೂಸು ಬೆಳೆದದೆ. ಹಳೇ ದಾರ ನಂಬಬೇಡಿ. ಹೊಸದಾಗಿ ಅಳೀರಿ.”

ಇಷ್ಟು ಹೇಳಿ ಹಾವಿಸ್ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಬಹಳ ಹಿಂದಿನ ಮಾತು. ಕಡಲಾಚೆ, ಮಂಜು ಮುಸುಕಿದ ದ್ವೀಪದಲ್ಲಿ ಒಂದು ರಾಜ್ಯ. ಹಾವಿಸ್ ಅಲ್ಲಿನ ಯುವರಾಜನಿಗೆ ಹಾಲೂಡಿಸಿದ ದಾದಿ. ಗಂಡ ಓಸ್ಬರ್ಟ್ ಮೇಣದ ಬತ್ತಿ ಮಾಡುವವನು. ಯುವರಾಜ ಎಡ್ಮಂಡನಿಗೆ ಆರು ವರ್ಷ. ಅವನಿಗೆ ಬಂದ ಜ್ವರವೇ ಹಾವಿಸಳಿಗೂ ತಗುಲಿ ಅವಳನ್ನು ತೆಗೆದುಕೊಂಡು ಹೋಯಿತು.

ಆ ನಾಡಿನಲ್ಲಿ ಒಂದು ಪದ್ಧತಿ. ಕೂಸು ಕಾಯಿಲೆ ಬಿದ್ದರೆ ತಲೆಯಿಂದ ಹಿಮ್ಮಡಿವರೆಗೆ ದಾರ ಹಿಡಿದು ಅಳೆಯುತ್ತಿದ್ದರು. ಆ ದಾರಕ್ಕೆ ಮೇಣ ಹಾಕಿ ಹೊತ್ತಿಸುತ್ತಿದ್ದರು. ಬತ್ತಿ ಉರಿಯುವಷ್ಟು ಹೊತ್ತು ಕೂಸಿಗೆ ಕಾವಲು. ಆದರೆ ಬೆಳೆಯುವ ಅರಸುಕೂಸನ್ನು ಅಳೆದರೆ ದೃಷ್ಟಿಯಾಗುತ್ತದೆ ಎಂದು ಅರಮನೆಯವರಿಗೆ ಭಯ. ಹುಟ್ಟಿದ ದಿನ ಅಳೆದ ಒಂದು ಮೊಳದ ದಾರಕ್ಕೇ ಬತ್ತಿ ಮಾಡಿಸಿದ್ದರು.

ಜ್ವರ ಕಳಿಸಿದವನು ಮಾಂತ್ರಿಕ ಗ್ರಿಮ್‌ಬಾಲ್ಡ್. ಗೋಪುರದ ಮೇಲೆ ಕಾದು ಕೂತಿದ್ದ. ಅವನ ಭುಜದ ಮೇಲೆ ಎರಡು ಕಾಗೆ. ಹಿಂದೆ ಹೀಗೇ ಬತ್ತಿ ಆರಿ ಕಾಗೆಯಾದ ಎಡ್ಮಂಡನ ಇಬ್ಬರು ಅಕ್ಕಂದಿರು ಅವು. ಹೊತ್ತು ಮುಳುಗುವ ಮೊದಲು ಬತ್ತಿ ಆರಿದರೆ ಮೂರನೇ ಕಾಗೆಯೂ ಅವನದೇ; ಆರದಿದ್ದರೆ ಮಾಟ ಅವನಿಗೇ ತಿರುಗುತ್ತಿತ್ತು.

ಉಳಿದಿದ್ದ ಬತ್ತಿ ನಾಲ್ಕು ಬೆರಳು.

ಓಸ್ಬರ್ಟ್ ಹೆಂಡತಿಗೆ ಕಂಬಳಿ ಹೊದಿಸಿದ. ದಾರ, ಮೇಣ ತಗೊಂಡು ಓಡಿದ.

ಅರಮನೆ ಬಾಗಿಲಲ್ಲಿ ಮಾಂತ್ರಿಕನ ಕಂಚಿನ ನಾಯಿ ಅಡ್ಡ ನಿಂತು ಕೇಳಿತು. “ಹೆಂಡತಿ ಸತ್ತ ಮನೇಲಿ ಕೂರೋದು ಬಿಟ್ಟು ಇಲ್ಲೇನೋ ನಿನ್ನ ಕೆಲಸ?”

“ಅವಳ ಕೆಲಸಕ್ಕೇ ಬಂದೆ. ಕಚ್ಚೋದಾದರೆ ಬೇಗ ಕಚ್ಚು. ಹೊತ್ತಾಗ್ತಿದೆ.”

ತನಗೆ ಹೆದರಿದವರನ್ನಷ್ಟೇ ಕಚ್ಚಬಲ್ಲ ನಾಯಿ ಅದು. ಪಕ್ಕಕ್ಕೆ ಸರಿಯಿತು.

ಒಳಗೆ ಬತ್ತಿ ಎರಡು ಬೆರಳಿಗೆ ಇಳಿದಿತ್ತು. ಎಡ್ಮಂಡ ಮುದುಡಿ ಮಲಗಿದ್ದ. ಮುದುಡಿದ ಕೂಸನ್ನು ಅಳೆಯುವುದು ಹೇಗೆ?

“ಹಾವಿಸವ್ವ ಬರಲಿ. ಆಮೇಲೆ ಅಳೆ” ಅಂದ ಎಡ್ಮಂಡ.

ಓಸ್ಬರ್ಟ್ ಮಂಚದ ಪಕ್ಕ ಕೂತ. “ಬರಲ್ಲ, ಮರಿದೊರೆ. ಬೆಳಿಗ್ಗೆ ಸತ್ತಳು.”

ಕೂಸು ಬತ್ತಿಯನ್ನೇ ನೋಡಿತು. ಬತ್ತಿ ಒಂದು ಬೆರಳಾಯಿತು.

“ಹೆಂಗೆ ಮಲಗವಳೆ?”

“ನೆಟ್ಟಗೆ.”

ಎಡ್ಮಂಡ ಮೆಲ್ಲಗೆ ಕಾಲು ಚಾಚಿದ. “ಹಿಂಗಾ?”

“ಹಂಗೇ.”

ಎರಡೂವರೆ ಮೊಳ ಬಂತು. ಓಸ್ಬರ್ಟ್ ದಾರಕ್ಕೆ ಮೇಣ ಹಾಕಿದ. ಹಳೆಯ ಬತ್ತಿಯ ಕೊನೆಯ ಕಿಡಿಯಿಂದ ಹೊಸದನ್ನು ಹೊತ್ತಿಸಿದ.

ಮಾಂತ್ರಿಕ ಗೋಪುರದಿಂದ ಊದಿದ. ಕಿಟಕಿ ಕಿತ್ತು ಬಿತ್ತು. ಮತ್ತೆ ಊದಿದ. ಅರಮನೆಯ ಒಲೆಗಳೆಲ್ಲ ಆರಿದವು. ಮೂರನೇ ಸಲ ಊದಿದಾಗ ಓಸ್ಬರ್ಟ್ ಉರಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದ. ಚರ್ಮ ಸುಟ್ಟಿತು. ಕೈ ತೆಗೆಯಲಿಲ್ಲ.

ಹೊತ್ತು ಮುಳುಗಿತು. ಬತ್ತಿ ಉರಿಯುತ್ತಲೇ ಇತ್ತು.

ಗ್ರಿಮ್‌ಬಾಲ್ಡ್ ಮಸಿಯಾಗಿ ಉದುರಿದ. ಕಾಗೆಗಳೆರಡೂ ರೆಕ್ಕೆ ಕೊಡವಿ ಹುಡುಗಿಯರಾಗಿ ತಾಯಿಯ ಹತ್ತಿರ ಓಡಿದವು. ಎಡ್ಮಂಡನ ಜ್ವರ ಬಿಟ್ಟಿತು.

ಅವನ ಆಯಸ್ಸು ದೊಡ್ಡದಲ್ಲ. ಇನ್ನು ನಾಲ್ಕೇ ವರ್ಷ ಬದುಕಿದ. ಆ ನಾಲ್ಕು ವರ್ಷ ಎಲ್ಲರೂ ಸುಖವಾಗಿದ್ದರು.

ಜ್ವರ ಬಿಟ್ಟ ಮಾರನೇ ಬೆಳಿಗ್ಗೆ ಓಸ್ಬರ್ಟ್ ಹೆಂಡತಿಯನ್ನು ಮಣ್ಣು ಮಾಡಿದ. ಅಲ್ಲಿಂದ ನೇರ ಅರಮನೆಯ ಅಡುಗೆಮನೆಗೆ ಹೋಗಿ ಗಂಜಿ ಕಾಯಿಸಿದ. ತಳ ಹತ್ತಿತು.

ಎಡ್ಮಂಡ ಮೂತಿ ತಿರುವಿದ. “ಹಾವಿಸವ್ವನ ಗಂಜಿ ಹಿಂಗಿರಲಿಲ್ಲ.”

“ಇರಲಿಲ್ಲ” ಅಂದ ಓಸ್ಬರ್ಟ್, ಇನ್ನೊಂದು ಚಮಚ ಊದಿ ಬಾಯಿಗಿಟ್ಟ.