ಕುಡಿಯದೆ ಇಟ್ಟ ನೀರು

ಮೊದಲ ಸಲ ಮನೆಗೆ ಬಂದ ಚನ್ನೇಶ ನೀರು ಕುಡಿಯಲಿಲ್ಲ. ಗುತ್ತೆವ್ವ ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ನಕ್ಕು, ಹಾಗೇ ಕೆಳಗಿಟ್ಟ. ಮಗಳು ವಿದ್ಯಾಶ್ರೀ ಅದನ್ನು ಬಾಗಿಲಲ್ಲಿ ನಿಂತೇ ನೋಡಿದಳು.

ಅಕ್ಕಿಆಲೂರಿನ ಅವಳ ಟೇಲರಿಂಗ್ ಅಂಗಡಿಗೆ ನೆಪ ಹುಡುಕಿಕೊಂಡು ಬರುತ್ತಿದ್ದ ರೈಸ್‌ಮಿಲ್ಲಿನವರ ಮಗ ಅವನು. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಮತ್ತೆ ಮತ್ತೆ ಬರುತ್ತಿದ್ದ. "ಮಿಲ್ಲಿನ ಅಕ್ಕಿ ಎಲ್ಲಾ ನಿಮ್ಮ ಹೊಟ್ಟಿಗೇ ಹೊಂಟೈತೇನ್ರಿ?" ಎಂದು ಅವಳು ಕೆಣಕಿದರೆ, ಅವಳ ಕಣ್ಣನ್ನೇ ನೋಡುತ್ತಿದ್ದ. ಆ ನೋಟ ನಂಬಿಯೇ ಅವಳು ಮನೆಗೆ ಕರೆದಿದ್ದಳು.

ಅವನು ಹೋದ ಮೇಲೆ ಅವ್ವ ಆ ನೀರನ್ನು ಗಿಡಕ್ಕೆ ಸುರಿದಳು. "ದೊಡ್ಡ ಮಂದಿ ಹುಡುಗ. ನೀ ಬೇಕು, ನಮ್ಮನಿ ನೀರು ಬ್ಯಾಡ," ಎಂದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಎಂಬಂತೆ, ವಿದ್ಯಾಶ್ರೀಗೆ ಹಿಂದಿನದೆಲ್ಲದರ ಮೇಲೂ ಅನುಮಾನ ಬಂತು. ಸಂತೆಯಲ್ಲಿ ಅವಳು ಕೊಡಿಸಿದ ಮಜ್ಜಿಗೆ ಬೇಡವೆಂದಿದ್ದ. ರಾತ್ರಿ ಎಂಟಕ್ಕೆ ಫೋನು ಬಡಿದುಕೊಂಡರೆ ಸರಕ್ಕನೆ ಎದ್ದು ಹೋಗುತ್ತಿದ್ದ. ಹುಬ್ಬಳ್ಳಿಗೆ ಯಾಕೆ ಅಷ್ಟು ಸಲ ಎಂದು ಕೇಳಿದರೆ ಮಾತು ಮರೆಸುತ್ತಿದ್ದ. ಕೈ ಬೇರೆ ನಡುಗುತ್ತಿತ್ತು, ಕುಡಿತವೂ ಇದ್ದೀತು. ಹುಬ್ಬಳ್ಳಿಯಲ್ಲಿ ಇನ್ನೊಬ್ಬಳೂ ಇದ್ದಾಳು.

ಮರುದಿನ ಅವನು ಕಾಲೆಳೆಯುತ್ತ ಅಂಗಡಿಗೆ ಬಂದ. ಅವಳು ಮಷಿನ್ನಿನಿಂದ ತಲೆ ಎತ್ತಲಿಲ್ಲ.

"ನಮ್ಮನಿ ನೀರು ಕುಡಿದ್ರ ಜಾತಿ ಕೆಡ್ತಿತ್ತೇನ್ರಿ?"

ಚನ್ನೇಶ ಹತ್ತಿರ ಬಂದ. ಅಂಗಿಯ ಅಂಚು ಎತ್ತಿದ. ಕಿಬ್ಬೊಟ್ಟೆಯ ಬಲಕ್ಕೆ ಉದ್ದನೆಯ ಹೊಲಿಗೆಯ ಗಾಯ. ಅಂಥ ಹೊಲಿಗೆಯನ್ನು ಅವಳು ಕಂಡಿರಲಿಲ್ಲ.

ಎಲ್ಲವನ್ನೂ ಹೇಳಿದ. ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಕ್ಕ ಶೀಲಾ ತನ್ನದೊಂದನ್ನು ಕೊಟ್ಟಳು. ಹೊರಗಿನದೆಂದು ದೇಹ ಅದನ್ನು ತಳ್ಳಿಹಾಕದಂತೆ ದಿನಾ ಹೊತ್ತಿಗೆ ಸರಿಯಾಗಿ ಗುಳಿಗೆ. ಕೈ ನಡುಗುವುದು ಅದರಿಂದಲೇ. ರೋಗ ತಡೆಯುವ ಶಕ್ತಿಯೂ ಕುಗ್ಗಿ, ಕಾಸದ ನೀರು ಕುಡಿಯುವಂತಿಲ್ಲ. ಈಗ ಹೊಸ ಕಿಡ್ನಿಯ ಪಕ್ಕ ನೀರು ತುಂಬಿ ಹೊಟ್ಟೆ ಉಬ್ಬಿದೆ, ಕಾಲು ಬಾತಿದೆ. ಸೋಮವಾರ ಹುಬ್ಬಳ್ಳಿಯಲ್ಲಿ ಮತ್ತೆ ಆಪರೇಶನ್.

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಬಿಟ್ಟು ಹೋಗ್ತಿ ಅಂತ ಅಂಜಿದ್ನಿ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೂ ನೀರಿನ ಮಾತನ್ನು ಪೂರ್ತಿ ನಂಬಲು ಮನಸ್ಸು ಒಪ್ಪಲಿಲ್ಲ. ಸಂಜೆ ಮನೆಗೆ ಬರಬೇಕೆಂದಳು.

ಅವ್ವನ ಕಣ್ಣೆದುರೇ ನೀರು ಕುದಿಸಿ, ಆರಿಸಿ, ಅದೇ ತಂಬಿಗೆಗೆ ತುಂಬಿದಳು. ಎಂಟಕ್ಕೆ ಫೋನು ಬಡಿದುಕೊಂಡಿತು. ಈ ಸಲ ಚನ್ನೇಶ ಏಳಲಿಲ್ಲ. ಕುಂತಲ್ಲೇ ಗುಳಿಗೆ ಬಾಯಿಗೆ ಹಾಕಿಕೊಂಡು, ನಡುಗುವ ಕೈಯಲ್ಲಿ ತಂಬಿಗೆ ಎತ್ತಿ ತಳ ಕಾಣುವವರೆಗೆ ಕುಡಿದ.

ಗುತ್ತೆವ್ವ ಖಾಲಿ ತಂಬಿಗೆಯನ್ನು ಕೈಗೆತ್ತಿಕೊಂಡಳು.

"ದವಾಖಾನ್ಯಾಗ ಇವಂಗ ನೀರು ಕಾಸಿ ಕೊಡವರು ಯಾರು?"

ಅವನು ವಿದ್ಯಾಶ್ರೀಯ ಕಡೆ ನೋಡಿದ, ಅಂಗಡಿಯಲ್ಲಿ ನೋಡುತ್ತಿದ್ದ ಹಾಗೇ.

"ನಾನ, ಅವ್ವ," ಎಂದಳು ಅವಳು.