ಬೆಚ್ಚಗಿಟ್ಟ ಬಾಟಲಿಗಳು

ದೂರು ಠಾಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ತಂದವರು ಐಸಿಯುವಿನೊಳಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಯಲ್ಲೇ ಓಡಿ ಬಂದಿದ್ದ ವೈದ್ಯೆ.

"ರಕ್ತ ಕಳುವಾಗಿದೆ," ಎಂದರು, ಕೂರುವ ಮೊದಲೇ.

ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿದ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ ಕಾರಣ ಠಾಣೆಯಲ್ಲಿ ಅವನ ಹೆಸರು ರೇಡಿಯೋ. "ರಕ್ತ ಹೀರೋರನ್ನ ಬೇಕಾದಷ್ಟು ನೋಡಿದೀನಿ ಮೇಡಂ. ಕದಿಯೋರನ್ನ ಇವತ್ತೇ ಕೇಳಿದ್ದು."

"ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡು," ಎಂದು ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಟ್ಟರು. ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಆಮೇಲೆ ಖಾಕಿ ತೊಟ್ಟ ಹೆಂಗಸು ಅವರು. ವೈದ್ಯೆ ಹೇಳಿದ ಮೊದಲ ವಾಕ್ಯಕ್ಕೇ ಅವರ ಬೆನ್ನು ನೆಟ್ಟಗಾಗಿತ್ತು.

ಸಂಗತಿ ಇಷ್ಟು. ಆ ದಿನ ಹಲವು ಆಸ್ಪತ್ರೆಗಳ ಐಸಿಯುಗಳಲ್ಲಿ ಒಟ್ಟಿಗೇ ಒಂದು ಅಧ್ಯಯನ. ಮಲಗಿರುವ ರೋಗಿಗಳಲ್ಲಿ ಎಷ್ಟು ಜನಕ್ಕೆ ಸೆಪ್ಸಿಸ್ ಇದೆ, ಅಂದರೆ ಸೋಂಕಿನ ನಂಜೇರಿ ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದಿದೆ, ಎಂಬ ಎಣಿಕೆ. ಮುಂಜಾನೆ ತೆಗೆದ ರಕ್ತ ಸಂಜೆ ಆರರೊಳಗೆ ಪ್ರಯೋಗಾಲಯ ಮುಟ್ಟಬೇಕು. ತಡವಾದರೆ ಆ ಐಸಿಯು ಲೆಕ್ಕದಿಂದ ಹೊರಗೆ. ಈಗ ರಕ್ತದ ಪೆಟ್ಟಿಗೆಯೇ ಮಾಯ.

"ಮತ್ತೆ ರಕ್ತ ತೆಗೆದರಾಯ್ತಲ್ಲ?" ಎಂದ ರೇಡಿಯೋ.

"ಉಳಿದವರದ್ದು ತೆಗೀಬಹುದು. ಐದನೇ ಹಾಸಿಗೆಯವರದ್ದು ಆಗಲ್ಲ. ಗೋಡೆಗೆ ಬಣ್ಣ ಹೊಡೆಯೋ ಕೆಲಸದವರು, ಇನ್ನೂ ಚಿಕ್ಕ ವಯಸ್ಸು. ರಕ್ತ ತೆಗೆದ ತಕ್ಷಣ ಆ್ಯಂಟಿಬಯಾಟಿಕ್ ಶುರು ಮಾಡಿದ್ವಿ."

"ಅಂದ್ರೆ ಈಗ ರಕ್ತ ತೆಗೆದ್ರೆ ಕ್ರಿಮಿ ಬೆಳೆಯದೇ ಇರಬಹುದು," ಎಂದರು ಇನ್‌ಸ್ಪೆಕ್ಟರ್.

ವೈದ್ಯೆ ಬೆರಗಾಗಿ ನೋಡಿದರು. "ಹೌದು. ಆದ್ರೆ ಆ ಔಷಧಕ್ಕೆ ಅದು ಜಗ್ಗುತ್ತಲೂ ಇಲ್ಲ. ಯಾವ ಕ್ರಿಮಿ ಅಂತ ಗೊತ್ತಾಗದೆ ನಾವು ಕತ್ತಲಲ್ಲಿ ಕಲ್ಲು ಹೊಡೀತಿದೀವಿ. ಅವರ ರಕ್ತದ ಆ ಬಾಟಲಿ ಸಿಕ್ಕರೆ ಮನುಷ್ಯ ಉಳೀಬಹುದು."

ಎಫ್‌ಐಆರ್‌ನ ಶಾಯಿ ಆರುವ ಮೊದಲೇ ಜೀಪು ಹೊರಟಿತು.

ಐಸಿಯುವಿನ ಬಾಗಿಲಲ್ಲಿ ಬಣ್ಣದವನ ತಂಗಿ ನಿಂತಿದ್ದಳು, ಅಣ್ಣನ ಚಪ್ಪಲಿಗಳನ್ನು ಚೀಲದಲ್ಲಿ ಹಾಕಿ ಎದೆಗವಚಿಕೊಂಡು. ಪೊಲೀಸರನ್ನು ಕಂಡು ಗಾಬರಿಯಿಂದ, "ನಮ್ಮಣ್ಣ ಏನೂ ಮಾಡಿಲ್ಲ ಮೇಡಂ," ಎಂದಳು.

"ಗೊತ್ತಮ್ಮ. ಅವನಿಗೋಸ್ಕರಾನೇ ಬಂದಿದೀವಿ."

ಒಳಗೆ ಯಂತ್ರಗಳ ಸಣ್ಣ ಸದ್ದು, ಔಷಧದ ವಾಸನೆ. ಐದನೇ ಹಾಸಿಗೆಯ ಬಳಿ ಹಿರಿಯ ನರ್ಸ್ ಒಬ್ಬರು ರೋಗಿಯ ತುಟಿಗೆ ಒದ್ದೆ ಹತ್ತಿ ಮುಟ್ಟಿಸುತ್ತಿದ್ದರು. ನರ್ಸುಗಳಿಂದ ಹಿಡಿದು ವೈದ್ಯರವರೆಗೆ ಎಲ್ಲರಿಗೂ ಅವರು ದೊಡ್ಡಕ್ಕ. ಕಿರಿಯ ನರ್ಸುಗಳು ಅವರ ಕಣ್ಸನ್ನೆಯಲ್ಲೇ ಓಡಾಡುತ್ತಿದ್ದರು.

"ಪೆಟ್ಟಿಗೆ ಕೊನೇ ಸಲ ನೋಡಿದ್ದು ಯಾರು?"

"ಎಲ್ಲರೂ ನೋಡಿದೀವಿ. ಆ ಕಟ್ಟೆ ಮೇಲಿತ್ತು," ಎಂದರು ದೊಡ್ಡಕ್ಕ.

"ಹೊರಗಿನವರು ಬಂದಿದ್ರಾ?"

"ಇಲ್ಲಿಗೆ ಗಾಳಿಯೂ ಕೇಳ್ಕೊಂಡೇ ಬರಬೇಕು."

ಇನ್‌ಸ್ಪೆಕ್ಟರ್ ಕಾರಿಡಾರಿನ ಎರಡೂ ತುದಿಗೆ ಕಾವಲು ಹಾಕಿಸಿದರು. ಶಸ್ತ್ರಚಿಕಿತ್ಸಾ ಕೊಠಡಿಯ ಕಡೆಯ ಬಾಗಿಲಿಗೆ ರೇಡಿಯೋ. ಶೋಧ ಶುರುವಾಯಿತು.

ಮಧ್ಯಾಹ್ನ ಒಂದರ ಹೊತ್ತಿಗೆ ಮಹಿಳಾ ಕಾನ್‌ಸ್ಟೆಬಲ್ ಕೂಗಿದಳು. ಒಗೆಯಲು ಹಾಕಿದ ಹಾಸುಬಟ್ಟೆಗಳ ರಾಶಿಯಡಿ ಪೆಟ್ಟಿಗೆ ಸಿಕ್ಕಿತ್ತು. ಇಬ್ಬರು ಪಂಚರ ಎದುರು ಮುಚ್ಚಳ ತೆರೆದರು. ಕೆಳಗಿನ ಅಂಕಣದಲ್ಲಿ ಮಂಜುಗಡ್ಡೆಯ ಚೀಲಗಳ ನಡುವೆ ರಕ್ತದ ಕೊಳವೆಗಳು ಒಂದೂ ಒಡೆಯದೆ ನೆಟ್ಟಗೆ ನಿಂತಿದ್ದವು. ಮೇಲಿನ ಅಂಕಣ ಖಾಲಿ. ಕ್ರಿಮಿ ಬೆಳೆಸಲು ಪೋಷಕ ದ್ರವ ತುಂಬಿದ ಬಾಟಲಿಗಳಲ್ಲಿ ಒಂದೂ ಇರಲಿಲ್ಲ.

"ಮುಗೀತು," ವೈದ್ಯೆ ಗೋಡೆಗೊರಗಿದರು. "ಎಲ್ಲೋ ಮೋರಿಗೆ ಸುರಿದಿರ್ತಾರೆ."

ಇನ್‌ಸ್ಪೆಕ್ಟರ್ ಮಾತ್ರ ಪೆಟ್ಟಿಗೆಯ ಮೇಲೆ ಬಗ್ಗಿಯೇ ಇದ್ದರು. ಹಾಳು ಮಾಡಬೇಕೆಂದವನು ಪೆಟ್ಟಿಗೆಯನ್ನು ಹಾಗೇ ಎಸೆಯುತ್ತಿದ್ದ. ಇಲ್ಲಿ ಮುಚ್ಚಳದ ಕೊಂಡಿಗಳನ್ನೂ ಬಿಗಿಯಾಗಿ ಹಾಕಿದ್ದರು. ತಣ್ಣಗಿರಬೇಕಾದ್ದನ್ನು ತಣ್ಣಗೇ ಬಿಟ್ಟಿದ್ದರು.

"ಡಾಕ್ಟ್ರೇ, ಹೆಚ್ಚು ಹೊತ್ತು ಮಂಜುಗಡ್ಡೆ ಪಕ್ಕದಲ್ಲಿದ್ರೆ ಆ ಬಾಟಲಿಗಳ ಗತಿ?"

"ಕ್ರಿಮಿ ಬೆಳೆಯಲ್ಲ. ಸತ್ತರೂ ಸತ್ತೀತು. ಅವನ್ನ ತಣ್ಣಗೆ ಇಡೋ ಹಾಗಿಲ್ಲ."

"ಅದಕ್ಕೇ ಬೇರೆ ಮಾಡಿದಾರೆ! ಕೆಡಿಸೋರಲ್ಲ ಇವರು, ಬಚ್ಚಿಟ್ಟೋರು. ಆರು ಗಂಟೆ ದಾಟಲಿ ಅಂತ ಕಾಯ್ತಿದಾರೆ. ಈ ಆಸ್ಪತ್ರೇಲಿ ಬೆಚ್ಚಗಿರೋ ಜಾಗ ಯಾವ್ಯಾವುದು? ಬೇಗ ಹೇಳಿ."

ವೈದ್ಯೆಯ ಕಣ್ಣಲ್ಲಿ ಮಿಂಚು ಹಾಯಿತು. ಪ್ರಯೋಗಾಲಯದ ಶಾಖಪೆಟ್ಟಿಗೆ. ನವಜಾತ ಶಿಶುಗಳ ಕೋಣೆ. ನೀರು ಕಾಯಿಸುವ ಕೋಣೆ. ಪೊಲೀಸರು ಮೂರು ದಿಕ್ಕಿಗೆ ಓಡಿದರು. ಮೂರರಿಂದಲೂ ಬರಿಗೈಲಿ ಬಂದರು. ಅಷ್ಟರಲ್ಲಿ ಐದನೇ ಹಾಸಿಗೆಯ ಯಂತ್ರ ಚೀರತೊಡಗಿತು. ರಕ್ತದೊತ್ತಡ ಕುಸಿಯುತ್ತಿತ್ತು. ಗಡಿಯಾರದಲ್ಲಿ ಮೂರು.

ಇನ್‌ಸ್ಪೆಕ್ಟರ್ ಕಾವಲಿನವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. "ನಿನ್ನ ಬಾಗಿಲಿಗೆ ಯಾರು ಬಂದ್ರು?"

"ಸೊಳ್ಳೇನೂ ಬಿಟ್ಟಿಲ್ಲ ಮೇಡಂ," ಎಂದ ರೇಡಿಯೋ. "ಪಾಪ, ದೊಡ್ಡಕ್ಕ ಮಾತ್ರ ಮತ್ತೆ ಮತ್ತೆ ಬಂದ್ರು. ಬೆಚ್ಚಗಿನ ಸಲೈನ್ ಬೇಕಂತೆ. ನೀವ್ಯಾಕೆ ಅಕ್ಕ ಕಾಲು ಸವೆಸ್ತೀರಿ, ನಾನೇ ತರಿಸಿಕೊಡ್ತೀನಿ ಅಂದೆ. ಬೇಡ ಅಂದುಬಿಟ್ರು. ಈಗ ಯಂತ್ರ ಕೂಗಿದಾಗಲೂ ಓಡಿ ಬಂದ್ರು. ಬಾಯಿ ತೆರೆದ್ರು, ಏನೂ ಹೇಳಲಿಲ್ಲ, ವಾಪಸ್ ಹೋದ್ರು."

"ಬೇಕು ಅಂದೋರು, ತರಿಸ್ತೀನಿ ಅಂದ್ರೆ ಬೇಡ ಅಂದ್ರಾ?" ಇನ್‌ಸ್ಪೆಕ್ಟರ್ ವೈದ್ಯೆಯತ್ತ ತಿರುಗಿದರು. "ಸಲೈನ್ ಎಲ್ಲಿ ಬೆಚ್ಚಗಿಡ್ತೀರಿ?"

"ಬಿಸಿ ಕಪಾಟಿನಲ್ಲಿ! ಆ ಬಾಗಿಲು ದಾಟಿದ್ರೆ ಎಡಕ್ಕೆ. ಆದ್ರೆ ಅದು ನಲವತ್ತು ಡಿಗ್ರಿ, ಈ ಬಾಟಲಿಗಳಿಗೆ ಬಿಸಿ ಜಾಸ್ತಿ, ಅಲ್ಲಿ ಯಾರು..."

ಮಾತು ಮುಗಿಯುವ ಮೊದಲೇ ಎಲ್ಲರೂ ಓಡುತ್ತಿದ್ದರು. ಪಂಚರೂ ಏದುಸಿರು ಬಿಡುತ್ತ ಹಿಂದೆ ಬಂದರು. ಕಪಾಟಿನಲ್ಲಿ ಮುಂದೆ ಕಂಬಳಿಗಳು, ಅದರ ಹಿಂದೆ ಸಲೈನ್ ಸಾಲು, ಅದರಾಚೆ ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿದ ಬಾಟಲಿಗಳು! ವೈದ್ಯೆ ಕೈಗವಸು ಹಾಕಿಕೊಂಡು ಐದನೇ ಹಾಸಿಗೆಯದ್ದನ್ನು ಬೆಳಕಿಗೆ ಹಿಡಿದರು. ದ್ರವ ಮೋಡ ಕವಿದಂತೆ ಮಬ್ಬಾಗಿತ್ತು.

"ಬೆಳೆದಿದೆ! ಆಗಲೇ ಬೆಳೆದಿದೆ!"

"ಪಂಚನಾಮೆ ಓಡ್ತಾ ಓಡ್ತಾ ಬರೀಲಾ ಮೇಡಂ?" ಎಂದ ರೇಡಿಯೋ. ಬಾಟಲಿಗಳ ಫೋಟೋ ತೆಗೆದು, ಗುರುತು ಬರೆದು, ಮಹಿಳಾ ಕಾನ್‌ಸ್ಟೆಬಲ್ ಕಾವಲಿನಲ್ಲಿ ಪ್ರಯೋಗಾಲಯಕ್ಕೆ ಕಳಿಸಿದ್ದಾಯಿತು. ಮೆಟ್ಟಿಲ ಮೇಲೆ ಅವಳ ಬೂಟಿನ ಸದ್ದು ದಡದಡನೆ ಏರಿಹೋಯಿತು.

ಇನ್‌ಸ್ಪೆಕ್ಟರ್ ಕಪಾಟಿನ ಬಿಸಿ ಹೊಂದಿಸುವ ಗುಂಡಿಯನ್ನು ನೋಡುತ್ತ ನಿಂತರು. ನಲವತ್ತರಲ್ಲಿರಬೇಕಾದ ಮುಳ್ಳನ್ನು ಯಾರೋ ಮೂವತ್ತೇಳಕ್ಕೆ ಇಳಿಸಿದ್ದರು. ಮನುಷ್ಯನ ಮೈಯಷ್ಟೇ ಬಿಸಿ, ಕ್ರಿಮಿ ಬೆಳೆಯಲು ಬೇಕಾದಷ್ಟೇ.

ದೊಡ್ಡಕ್ಕ ಐದನೇ ಹಾಸಿಗೆಯ ಬಳಿಯೇ ಇದ್ದರು. ಪಾಳಿ ಮುಗಿದು ಎಷ್ಟೋ ಹೊತ್ತಾಗಿದ್ದರೂ ಮನೆಗೆ ಹೋಗಿರಲಿಲ್ಲ.

"ಬಾಟಲಿ ಸಿಕ್ತು."

ದೊಡ್ಡಕ್ಕನ ಭುಜಗಳು ಇಳಿದವು. "ಸದ್ಯ. ಬೆಳೆದಿದೆಯಾ?"

"ಬೆಳೆದಿದೆ. ಬಚ್ಚಿಟ್ಟದ್ದು ನೀವೇನಾ?"

"ನಾನೇ. ನನ್ನ ಹುಡುಗೀರಿಗೆ ಗೊತ್ತಿಲ್ಲ."

"ಇವರ ಸ್ಥಿತಿ ಕೆಟ್ಟಾಗಲೂ ಬಾಯಿ ಬಿಡಲಿಲ್ಲ."

"ಬಾಗಿಲ ತನಕ ಬಂದೆ. ನಾಲಿಗೆ ಏಳಲಿಲ್ಲ. ಅದು ತಪ್ಪೇ."

"ನನ್ನ ಜೊತೆ ಬರಬೇಕು."

"ಬರ್ತೀನಿ. ರೋಗೀನ ಒಪ್ಪಿಸಿ ಬರ್ತೀನಿ. ಹಾಗೇ ಬಿಟ್ಟು ಬರೋ ಹಾಗಿಲ್ಲ."

ಇನ್‌ಸ್ಪೆಕ್ಟರ್ ಕಾದರು. ಮುಂದಿನ ಪಾಳಿಯ ಹುಡುಗಿಗೆ ದೊಡ್ಡಕ್ಕ ಒತ್ತಡ, ಮೂತ್ರದ ಪ್ರಮಾಣ, ಹನಿಯ ವೇಗ ಎಲ್ಲ ಹೇಳಿ, "ಎಡಗೈ ಸೂಜಿ ಹತ್ರ ಕೆಂಪಾಗ್ತಿದೆ, ಕಣ್ಣಿಟ್ಟಿರು ಪುಟ್ಟಿ," ಎಂದರು. ಹುಡುಗಿ ಅಳುತ್ತಲೇ ತಲೆಯಾಡಿಸಿದಳು. ನಾಲ್ಕೂವರೆಗೆ ದಸ್ತಗಿರಿ ದಾಖಲಾಯಿತು.

ಠಾಣೆಯಲ್ಲಿ ದೊಡ್ಡಕ್ಕ ತಾವಾಗಿಯೇ ಹೇಳಿದರು. ಹಿಂದೆ ಅವರಿದ್ದ ಆಸ್ಪತ್ರೆಯಲ್ಲೂ ಹೀಗೇ ಸೋಂಕಿನ ಎಣಿಕೆ ನಡೆದಿತ್ತು. ಸಂಖ್ಯೆ ದೊಡ್ಡದಾಗಿ ಬಂತು. ಮೇಲಿನವರ ಸಿಟ್ಟು ಇಳಿಜಾರಿನ ನೀರಿನಂತೆ ಕೆಳಕ್ಕೇ ಹರಿಯಿತು. ಕೈ ತೊಳೆಯಲಿಲ್ಲ ಎಂದು ಹೊರಗೆ ಹಾಕಿದ ನರ್ಸುಗಳಲ್ಲಿ ಅವರ ತಂಗಿಯೂ ಒಬ್ಬಳು. ಅವಳು ಮತ್ತೆ ಆ ಸಮವಸ್ತ್ರ ತೊಡಲೇ ಇಲ್ಲ. ಇಂದಿಗೂ ಊಟಕ್ಕೆ ಮೊದಲು ಕೈಯ ಚರ್ಮ ಸುಲಿಯುವಂತೆ ತೊಳೆಯುತ್ತಾಳೆ.

"ಈ ಹುಡುಗೀರ್ನ ನಾನು ಕೈ ಹಿಡಿದು ಬೆಳೆಸಿದ್ದು ಮೇಡಂ. ಇವತ್ತೊಂದು ದಿನ ನಮ್ಮ ಐಸಿಯು ಲೆಕ್ಕಕ್ಕೆ ಸಿಗದೇ ಇರಲಿ ಅಂದ್ಕೊಂಡೆ. ಆರು ದಾಟಿದ ಮೇಲೆ ನಾನೇ ಬಾಟಲಿ 'ಹುಡುಕಿ' ಕೊಡೋಳಿದ್ದೆ. ಅಲ್ಲೀವರೆಗೆ ಬೆಚ್ಚಗಿದ್ರೆ ರೋಗಿಗೆ ನಷ್ಟವಾಗಲ್ಲ ಅಂತ..."

ಹೇಳಿಕೆ ಕೊಡಲು ಬಂದಿದ್ದ ವೈದ್ಯೆ ಗಕ್ಕನೆ ತಲೆಯೆತ್ತಿದರು. ಔಷಧ ಬದಲಾಗಿತ್ತು, ಬಣ್ಣದವನ ಒತ್ತಡ ಮೇಲೇರುತ್ತಿತ್ತು, ಮಾದರಿಗಳು ಆರರೊಳಗೆ ತಲುಪಿದ್ದವು. ಅವರ ಮುಖದಲ್ಲಿ ಆ ಗೆಲುವು ಇನ್ನೂ ಇತ್ತು. "ದೊಡ್ಡಕ್ಕ, ಯಾರ ತಪ್ಪು ಅಂತ ಎಣಿಸ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನ ರೋಗಿಗಳು ನಂಜು ಹೊತ್ಕೊಂಡೇ ಒಳಗೆ ಬರೋರು. ಈ ಕಾಯಿಲೆ ಎಷ್ಟಿದೆ ಅಂತ ತೋರಿಸಿದ್ರೆ ತಾನೆ ಇನ್ನಷ್ಟು ನರ್ಸುಗಳನ್ನ ಕೇಳೋಕಾಗೋದು?"

"ಇದನ್ನ ನಮಗೆ ಯಾರೂ ಹೇಳಲಿಲ್ಲವಲ್ಲ, ಡಾಕ್ಟ್ರೇ."

"ಡಾಕ್ಟರುಗಳ ಸಭೆಯಲ್ಲಿ ಎಲ್ಲ ವಿವರವಾಗಿ..." ವೈದ್ಯೆಯ ಮಾತು ಅಲ್ಲಿಗೇ ನಿಂತಿತು.

ರೇಡಿಯೋ ದೊಡ್ಡಕ್ಕನ ಮುಂದೆ ಒಂದು ಲೋಟ ನೀರು ತಂದಿಟ್ಟ.

ಇನ್‌ಸ್ಪೆಕ್ಟರ್ ಪಂಚನಾಮೆಯ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು. ಕಳವು, ರೋಗಿಯ ಜೀವಕ್ಕೆ ಒಡ್ಡಿದ ಅಪಾಯ, ಎಲ್ಲವೂ ಅದರಲ್ಲಿತ್ತು. ಯಾವುದನ್ನೂ ಅಳಿಸುವಂತಿರಲಿಲ್ಲ. ಕಪಾಟಿನ ವಿವರದ ಕೆಳಗೆ ಮಾತ್ರ ಅರ್ಧ ಸಾಲಿನ ಜಾಗ ಉಳಿದಿತ್ತು. ಪಂಚರನ್ನು ಕರೆದು, ಅವರು ಕಣ್ಣಾರೆ ಕಂಡದ್ದನ್ನು ಅವರೆದುರೇ ಬರೆದು, ಸಹಿ ಹಾಕಿಸಿದರು: ಗುಂಡಿಯ ಮುಳ್ಳು ಮೂವತ್ತೇಳರಲ್ಲಿತ್ತು.