ತಟ್ಟೆ ತಿರುಗಿಸಿದ ಮಧ್ಯಾಹ್ನ

ಲಾಂಚಿನಿಂದ ಇಳಿದ ಮಾರೆಕ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲೇ ನನ್ನತ್ತ ನಡೆದು ಬಂದ.

"ಚಪ್ಪಲಿ ಬಿಡೋದು ಮನೆ ಬಾಗಿಲಲ್ಲಿ ಕಣೋ, ಬಂದರಲ್ಲಲ್ಲ!"

"ನಿನ್ನ ಪಟ್ಟೀಲಿ ಎಲ್ಲಿ ಅಂತ ಬರೆದಿರಲಿಲ್ಲ," ಅಂದ. ತುಟಿ ನಗುತ್ತಿರಲಿಲ್ಲ, ಕಣ್ಣು ಮಾತ್ರ ನಗುತ್ತಿತ್ತು. ಆ ಕಣ್ಣಿಗೇ ನಾನು ಸೋತದ್ದು.

ಎರಡು ವರ್ಷ ಒಂದೇ ಹಡಗಿನಲ್ಲಿದ್ದೆವು. ನಾನು ಅಡುಗೆಮನೆಯಲ್ಲಿ, ಪೋಲೆಂಡಿನ ಈ ಪುಣ್ಯಾತ್ಮ ಎಂಜಿನ್ ರೂಮಿನಲ್ಲಿ. ಈಗ ನನ್ನನ್ನು ಮದುವೆಗೆ ಕೇಳಲು ಮೊದಲ ಸಲ ನಮ್ಮೂರಾದ ಸಿಬುಯಾನ್ ದ್ವೀಪಕ್ಕೆ ಬಂದಿದ್ದ. ಸಾಕಿದ ಅಜ್ಜಿ ಬೇಡ ಅಂದರೆ ನಾನು ಮದುವೆ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಹೇಳಿದಾಗಿನಿಂದ ನನಗೇ ಸರಿಯಾಗಿ ನಿದ್ದೆಯಿಲ್ಲ.

ಅದಕ್ಕೇ ಅವನಿಗೆ ಮೂರು ಪುಟದ ಪಟ್ಟಿ ಕಳಿಸಿದ್ದೆ. ಚಪ್ಪಲಿ ಬಿಡು. ಕೊಡೆ ತಾ, ಹೊಟ್ಟೆನೋವಿನ ಮಾತ್ರೆ ತಾ, ಚಿಲ್ಲರೆ ಇಟ್ಟುಕೋ. ಮನೆಯ ಒಬ್ಬೊಬ್ಬರಿಗೂ ಏನಾದರೂ ಉಡುಗೊರೆ ತಾ. ಬಡಿಸಿದ್ದನ್ನು ಬೇಡ ಅನ್ನಬೇಡ. ದನಿ ಏರಿಸಬೇಡ. ಹಿರಿಯರ ಕೈ ಹಿಡಿದು ನಿನ್ನ ಹಣೆಗೆ ಒತ್ತಿಕೋ.

ಮನೆಗೆ ಬಂದವನೇ ಅವನು ಅಜ್ಜಿಯ ಕೈಗೆ ಮುತ್ತು ಕೊಟ್ಟುಬಿಟ್ಟ.

ಚಿಕ್ಕಮ್ಮ ಸೆರಿಂಗ್ ಕಿಸಕ್ಕನೆ ನಕ್ಕಳು. "ಹಣೆಗೆ ಕಣಪ್ಪಾ! ಮುದುಕೀನೇ ಮದುವೆ ಆಗ್ತೀಯೇನು?" ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. ಊಟಕ್ಕೆ ಕೂತ ಮೇಲೂ ತುತ್ತು ಮುಟ್ಟಲಿಲ್ಲ. ಮಾರೆಕ್ ಮೀನಿನ ಹುಳಿಸಾರನ್ನು ಎರಡನೇ ಸಲ ಹಾಕಿಸಿಕೊಂಡು, ಮೇಜಿನ ಕೆಳಗೆ ನನ್ನ ಕಾಲು ಮುಟ್ಟಿದ.

ಆಗ ಮಾವ ಓಡಿ ಬಂದ.

"ಗಾಳಿ ಎದ್ದಿದೆ! ಕೊನೇ ಲಾಂಚು ಈಗಲೇ ಬಿಡ್ತಾರಂತೆ, ಸಾಯಂಕಾಲದ್ದು ಇಲ್ಲ!"

ಮಾರೆಕ್ ತುತ್ತು ಬಿಟ್ಟು ಎದ್ದ. ನಾಳೆ ಅವನು ಹಡಗು ಸೇರದಿದ್ದರೆ ಕೆಲಸ ಹೋಗುತ್ತಿತ್ತು.

ಅಜ್ಜಿಯ ಮುಖ ಬಿಳುಚಿತು. ಇದೊಂದನ್ನು ಪಟ್ಟಿಯಲ್ಲಿ ಬರೆಯಲು ಮರೆತಿದ್ದೆ.

ನಮ್ಮಲ್ಲಿ ಯಾರಾದರೂ ಊಟದ ನಡುವೆ ಎದ್ದು ಹೊರಟರೆ, ಕೂತವರೆಲ್ಲ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸುತ್ತಾರೆ, ಹೋದವರು ಕ್ಷೇಮವಾಗಿರಲಿ ಎಂದು. ಮೂವತ್ತು ವರ್ಷದ ಹಿಂದೆ ಇದೇ ಮೇಜಿನಲ್ಲಿ ಜಗಳವಾಡಿ ಅಜ್ಜ ಅರ್ಧ ಊಟದಲ್ಲಿ ಸಮುದ್ರಕ್ಕೆ ಹೋದ. ಸಿಟ್ಟಿನಲ್ಲಿದ್ದ ಅಜ್ಜಿ ತಟ್ಟೆ ಮುಟ್ಟಲಿಲ್ಲ. ಅಜ್ಜ ವಾಪಸ್ ಬರಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಊಟದ ನಡುವೆ ಯಾರೂ ಎದ್ದದ್ದಿಲ್ಲ.

"ನಾನೇನು ತಪ್ಪು ಮಾಡಿದೆ?" ಮಾರೆಕ್ ಪಿಸುಗುಟ್ಟಿದ. ಹೇಳಿದೆ. ಕಿಟಕಿ ಪಟಪಟ ಬಡಿದುಕೊಳ್ಳುತ್ತಿತ್ತು.

ಅವನು ಮತ್ತೆ ಕೂತ. "ಹಾಗಾದ್ರೆ ಊಟ ಮುಗಿಸ್ತೀನಿ. ಕೆಲಸ ಹೋದ್ರೆ ಹೋಗಲಿ."

"ಏನಂತೆ?" ನಮ್ಮಿಬ್ಬರ ಮಾತು ಅರ್ಥವಾಗದ ಅಜ್ಜಿ ಕೇಳಿದಳು. ತಿಳಿಸಿದೆ.

ಅಜ್ಜಿ ಅವನ ಅರ್ಧ ಉಂಡ ತಟ್ಟೆಯನ್ನು ನೋಡಿದಳು. ಆಮೇಲೆ ಎರಡು ಕೈಯಿಂದ ತನ್ನ ತಟ್ಟೆ ಹಿಡಿದು ತಿರುಗಿಸಿದಳು. ಸಾರು ಮೇಜಿಗೆ ಚೆಲ್ಲಿತು.

"ಬಾಯಿ ಬಿಟ್ಕೊಂಡು ನೋಡ್ತೀರಲ್ಲ, ತಿರುಗಿಸ್ರೋ ಎಲ್ಲಾರೂ! ಏಯ್ ಹುಡುಗ, ಓಡು!"

ಬಾಗಿಲಲ್ಲಿ ಮಾರೆಕ್ ಅಜ್ಜಿಯ ಕೈಯನ್ನು ಈ ಸಲ ಹಣೆಗೇ ಒತ್ತಿಕೊಂಡ. ನನ್ನ ಕಡೆ ತಿರುಗಿ, "ನಿನ್ನನ್ನ ತುಂಬಾ ಪ್ರೀತಿಸ್ತೀನಿ. ಇದೂ ಪಟ್ಟೀಲಿ ಇರಲಿಲ್ಲ," ಅಂದು ಓಡಿದ.

ಲಾಂಚು ಅಲೆಗಳ ಹಿಂದೆ ಮರೆಯಾಯಿತು. ಆಗ ಮಧ್ಯಾಹ್ನ ಒಂದು ಗಂಟೆ, ದಾಟಲು ಮೂರು ಗಂಟೆಯ ಹೊತ್ತು ಬೇಕು. ಗಂಟೆ ನಾಲ್ಕಾಯಿತು, ಐದಾಯಿತು. ಫೋನು ಸುಮ್ಮನಿತ್ತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅಜ್ಜಿ ಮೇಜು ಬಿಟ್ಟು ಏಳಲಿಲ್ಲ, ತಟ್ಟೆ ತೆಗೆಯಲು ಯಾರನ್ನೂ ಬಿಡಲಿಲ್ಲ.

ಐದೂವರೆಗೆ ಮೆಸೇಜ್ ಬಂತು. 'ದಡ ಮುಟ್ಟಿದೆ. ಕೊಡೆ ಹಾರಿಹೋಯ್ತು.'

ಓದುತ್ತಲೇ ಅತ್ತುಬಿಟ್ಟೆ. ಅಜ್ಜಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, ತಣ್ಣಗಾದ ಸಾರಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. ಬೆಳಗ್ಗಿನಿಂದ ಆಕೆ ಏನೂ ತಿಂದಿರಲಿಲ್ಲ.

"ಅವನಿಗೆ ಬರಿ," ಅಂದಳು. "ಮುಂದಿನ ಸಲ ಅಪ್ಪ ಅಮ್ಮನ್ನೂ ಕರ್ಕೊಂಡು ಬರಲಿ. ಬಂದ್ರೆ ಊಟ ಮುಗಿಸಿಯೇ ಏಳ್ಬೇಕು."